ರಾಕಿಯ ಮುಂದಿನ ಕತೆ, ಊರ್ಮಿಳೆಯ ಹಿಂದಿನ ಕತೆ: ಟೀಕೆಯ ಬಗ್ಗೆ ನಾವು ನಂಬಿರುವುದು

'ಕೆ.ಜಿ.ಎಫ್.' ಸಿನಿಮಾದಲ್ಲಿ ಚಿನ್ನದ ಜೊತೆ ಕಡಲಲ್ಲಿ ಮುಳುಗಿದ ರಾಕಿ ಬದುಕಿದ್ದರೆ ಮುಂದೇನಾಗುತ್ತಿತ್ತು? ಲಕ್ಷ್ಮಣ ಕಾಡಿಗೆ ಹೋದ ಮೇಲೆ ಊರ್ಮಿಳೆ ಹದಿನಾಲ್ಕು ವರ್ಷ ಹೇಗೆ ಕಳೆದಳು? ಬೇರೆಯವರು ಹುಟ್ಟಿಸಿದ ಪಾತ್ರವನ್ನು ಕೈಗೆತ್ತಿಕೊಂಡು ಹೀಗೆ ಮುಂದುವರಿಸಿ ಬರೆಯುವುದಕ್ಕೆ ಈಗ ಫ್ಯಾನ್ ಫಿಕ್ಷನ್ ಎಂಬ ಹೆಸರಿದೆ. ಬರೆಯುವವರಲ್ಲಿ ಅನೇಕರು ಕಾಲೇಜು ಓದುವ ವಯಸ್ಸಿನವರು. ಬರೆದದ್ದನ್ನು ಒಬ್ಬರಿಗೊಬ್ಬರು ಕಳಿಸುತ್ತಾರೆ, 'ಸೂಪರ್' ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಯಾರಾದರೂ ಒಂದು ಕೊರತೆ ಹೇಳಿದರೆ ಸ್ನೇಹವೇ ಮುರಿಯುವುದೂ ಉಂಟು. ಇದರ ಹಿಂದೆ ಕೆಲವು ನಂಬಿಕೆಗಳಿವೆ. ನಮ್ಮ ಕೋಲಾರ ಸೀಮೆಯ ಸಾಹಿತ್ಯದ ನೆನಪನ್ನು ಸ್ವಲ್ಪ ಕೆದಕಿದರೂ ಅವು ನಿಲ್ಲುವುದಿಲ್ಲ.

ನಂಬಿಕೆ: ಖುಷಿಗೆ ಬರೆದದ್ದು, ಇದಕ್ಕೆಲ್ಲ ವಿಮರ್ಶೆ ಯಾಕೆ?

ಕನ್ನಡ ಕಾವ್ಯದ ದೊಡ್ಡ ಭಾಗ ಹುಟ್ಟಿದ್ದೇ ಇನ್ನೊಬ್ಬರ ಪಾತ್ರಗಳಿಂದ. ಪಂಪ 941ರಲ್ಲಿ ವ್ಯಾಸರ ಕತೆಯನ್ನು ಎತ್ತಿಕೊಂಡು ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ರನ್ನ ಭೀಮನನ್ನು ನಾಯಕನಾಗಿಸಿದ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. 'ಶ್ರೀರಾಮ ಪರೀಕ್ಷಣಂ' ಬರೆದು, ರಾಮನ ನಡೆಯನ್ನು ರಾಮಾಯಣದ ಪಾತ್ರಗಳ ಬಾಯಿಂದಲೇ ಪ್ರಶ್ನೆಗೊಡ್ಡಿದರು. ಇಂಥ ಬರವಣಿಗೆ ಹಗುರವೆನ್ನುವುದು ತಪ್ಪು. ಓದುಗನಿಗೆ ಪಾತ್ರ ಮೊದಲೇ ಗೊತ್ತಿರುವುದರಿಂದ ಒಂದು ಮಾತು ಅಪಸ್ವರವಾದರೂ ಅವನು ಹಿಡಿಯುತ್ತಾನೆ. ಹೊಸ ಪಾತ್ರದ ಕತೆಗಾರನಿಗೆ ಈ ಕಷ್ಟವಿಲ್ಲ.

ಆದರೆ ಒಂದು ಮಾತು ನಿಜ. ಬರೆದವರು ಎಲ್ಲ ಸಲವೂ ಟೀಕೆ ಬಯಸಿರುವುದಿಲ್ಲ. 'ಅನ್ನಿಸಿದ್ದನ್ನು ಹೇಳಲಾ?' ಎಂದು ಕೇಳಿ, ಒಪ್ಪಿದರೆ ಮಾತ್ರ ಹೇಳುವುದು ಸರಿ.

ನಂಬಿಕೆ: ಮೂಲದಲ್ಲಿ ಹಾಗಿಲ್ಲ ಎಂದರೆ ಕತೆ ಸೋತಂತೆ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಇದು. ಇದರ ಮೇಲೆ ಕನ್ನಡದಲ್ಲಿ ಒಂದು ದೊಡ್ಡ ಜಗಳವೇ ನಡೆದಿದೆ, ಅದರಲ್ಲಿ ಒಂದು ಪಕ್ಷ ಮಾಲೂರು ತಾಲ್ಲೂಕಿನದು. ಮಾಸ್ತಿ ಎಂಬ ಊರಿನ ಹೆಸರನ್ನೇ ಹೊತ್ತ ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986) ಕತೆಗಾರರಷ್ಟೇ ಅಲ್ಲ, 'ವಿಮರ್ಶೆ' ಎಂಬ ಹೆಸರಿನಲ್ಲೇ ಸಂಪುಟಗಳನ್ನು ತಂದವರು. 1944ರಲ್ಲಿ ಕುವೆಂಪು ಅವರ 'ಶೂದ್ರ ತಪಸ್ವಿ' ನಾಟಕ ಬಂತು. ರಾಮಾಯಣದ ಉತ್ತರಕಾಂಡದಲ್ಲಿ ರಾಮ ತಪಸ್ಸು ಮಾಡುತ್ತಿದ್ದ ಶೂದ್ರ ಶಂಬೂಕನ ತಲೆ ಕಡಿಯುತ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಕೊಲ್ಲದೆ, ಮಗ ಸತ್ತನೆಂದು ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಅವನ ಕಣ್ಣು ತೆರೆದ ಮೇಲೆ ಸತ್ತ ಮಗ ಏಳುತ್ತಾನೆ.

ಮಾಸ್ತಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಳೆಯ ಕತೆಯನ್ನು ಹೀಗೆ ಬದಲಿಸುವುದು ಸರಿಯಲ್ಲ, ಹೊಸ ವಿಚಾರ ಹೇಳಬೇಕಾದವರು ಹೊಸ ಕತೆ ಕಟ್ಟಬಹುದು ಎಂಬ ಧಾಟಿಯಲ್ಲಿ ಬಹಿರಂಗವಾಗಿಯೇ ಆಕ್ಷೇಪಿಸಿದರು. ಕುವೆಂಪು ಅಷ್ಟೇ ಬಹಿರಂಗವಾಗಿ, ಅಷ್ಟೇ ಖಾರವಾಗಿ ಉತ್ತರ ಕೊಟ್ಟರು. ನಾಟಕದ ಒಂದು ಅಕ್ಷರವನ್ನೂ ಅದಕ್ಕಾಗಿ ಬದಲಿಸಲಿಲ್ಲ.

ನನ್ನ ಓದಿನಲ್ಲಿ ಈ ವಾದದಲ್ಲಿ ಗೆದ್ದವರು ಕುವೆಂಪು. ಮೂಲವನ್ನು ಮರೆತು ಅವರು ಕತೆ ಬದಲಿಸಲಿಲ್ಲ, ಆ ಒಂದು ಪ್ರಸಂಗದಲ್ಲಿ ರಾಮನಿಗೆ ಅಂಟಿದ ಕಲೆಯನ್ನು ಸಹಿಸಲಾರದೆ ಬದಲಿಸಿದರು. ಬದಲಾವಣೆಯೇ ನಾಟಕದ ಉಸಿರು. ಹಾಗಿರುವಾಗ 'ಮೂಲದಲ್ಲಿ ಹಾಗಿಲ್ಲ' ಎನ್ನುವುದು ನಾಟಕವನ್ನು ಮುಟ್ಟುವುದೇ ಇಲ್ಲ. ಬದಲಿಸಿದ್ದು ನಾಟಕದೊಳಗೆ ನಂಬುವಂತಿದೆಯೇ, ಬ್ರಾಹ್ಮಣನ ಮನಸ್ಸು ತಿರುಗುವುದು ಒಂದು ಅಸ್ತ್ರದ ಭಯದಿಂದಲೋ ಅರಿವಿನಿಂದಲೋ ಎಂದು ಕೇಳಿದ್ದರೆ ಅದು ನಾಟಕಕಾರನಿಗೆ ಕೆಲಸಕ್ಕೆ ಬರುವ ಪ್ರಶ್ನೆಯಾಗುತ್ತಿತ್ತು. ಆದರೂ ಮಾಸ್ತಿಯವರ ಬಗ್ಗೆ ನನಗೆ ಗೌರವ ಹೆಚ್ಚೇ. ಅವರು ಮುಚ್ಚಿಟ್ಟು ಮಾತಾಡಲಿಲ್ಲ, ಪುಸ್ತಕ ಓದಿ, ತಮಗೆ ಯಾಕೆ ಒಪ್ಪಿಗೆಯಿಲ್ಲ ಎಂಬುದನ್ನು ಹೆಸರು ಹಾಕಿ ಬರೆದರು. ಮುಂದೆ 1972ರಲ್ಲಿ 'ಶ್ರೀರಾಮ ಪಟ್ಟಾಭಿಷೇಕ' ಎಂಬ ಕಾವ್ಯದಲ್ಲಿ ತಮ್ಮ ರಾಮನನ್ನು ತಾವೇ ಬರೆದು ತೋರಿಸಿದರು.

ಹಾಗಾಗಿ ಅಭಿಮಾನಿಯ ಕತೆ ಕೈಗೆ ಬಂದಾಗ ಮೊದಲು ಹುಡುಕಬೇಕಾದದ್ದು ಬರೆದವಳು ಏನನ್ನು ಬೇಕೆಂದೇ ಬದಲಿಸಿದ್ದಾಳೆ, ಏನು ಅರಿವಿಲ್ಲದೆ ಬದಲಾಗಿದೆ ಎಂಬುದನ್ನು. ಮೊದಲನೆಯದರ ಬಗ್ಗೆ ಪ್ರಶ್ನೆ ಕೇಳಬಹುದು. ತಿದ್ದಲು ಸೂಚಿಸಬೇಕಾದದ್ದು ಎರಡನೆಯದನ್ನು.

ನಂಬಿಕೆ: ಕಲ್ಪನೆಯ ಕತೆಯಲ್ಲಿ ವಾಸ್ತವ ಕೇಳಬಾರದು.

'ಕೆ.ಜಿ.ಎಫ್.' ಸಿನಿಮಾದ (2018, 2022) ನರಾಚಿ ಕಲ್ಪಿತ ಗಣಿ. ಅಲ್ಲಿ ಬಂದೂಕಿನ ಕೆಳಗೆ ದುಡಿಯುವ ಗುಲಾಮರಿದ್ದಾರೆ. ನಿಜವಾದ ಕೋಲಾರ ಚಿನ್ನದ ಗಣಿಯನ್ನು 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಬಂತು. ಇಳಿದು ದುಡಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ಕುಟುಂಬದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು.

ರಾಕಿಯ ಕತೆ ಬರೆಯುವವನು ಇದನ್ನೆಲ್ಲ ಪಾಲಿಸಬೇಕೆಂದೇನಿಲ್ಲ. ಅವನು ಬರೆಯುತ್ತಿರುವುದು ನರಾಚಿಯನ್ನು. ಆದರೆ ಅವನೇ ಕತೆಯೊಳಗೆ ನಿಜವಾದ ಗಣಿಯೂರಿನ ರಾಬರ್ಟ್‌ಸನ್‌ಪೇಟೆಯನ್ನು, ಸೈನೈಡ್ ಗುಡ್ಡವನ್ನು, ನಿಜವಾದ ಗಣಿ ಕಾರ್ಮಿಕನ ಮನೆಯನ್ನು ತಂದರೆ, ಆ ಊರಿನವರು 'ನಮ್ಮಜ್ಜ ಗುಲಾಮನಾಗಿರಲಿಲ್ಲ, ಸಂಬಳಕ್ಕೆ ದುಡಿದ' ಎಂದು ಹೇಳುವ ಹಕ್ಕುಳ್ಳವರು. ಅದನ್ನು ಅಸೂಯೆಯ ಮಾತೆಂದು ತಳ್ಳಬಾರದು. ಗಣಿಯ ಆಳದ ಸೆಕೆ, ಬಂಡೆ ಸಿಡಿಯುವ ಭಯ, ಕೇಜಿನಲ್ಲಿ ಕೆಳಗಿಳಿಯುವಾಗಿನ ಮೌನ ಕತೆಗೆ ಸಿಗುವುದು ಅಂಥ ಓದುಗರಿಂದಲೇ.

ನಂಬಿಕೆ: ಮೊದಲು ಹೊಗಳು, ನಡುವೆ ತಪ್ಪು ಹೇಳು, ಮತ್ತೆ ಹೊಗಳು, ಆಗ ನೋವಾಗುವುದಿಲ್ಲ.

ಈ ಸೂತ್ರ ಎಲ್ಲೆಡೆ ಹಬ್ಬಿದೆ. ಕೇಳುವವರು ದಡ್ಡರಲ್ಲ, ಹೊಗಳಿಕೆ ಶುರುವಾದೊಡನೆ 'ಆದರೆ' ಯಾವಾಗ ಬರುತ್ತದೆಂದು ಕಾಯುತ್ತಾರೆ. ನಮ್ಮ ಹಳ್ಳಿಗಳ ಪೌರಾಣಿಕ ನಾಟಕದ ತಾಲೀಮು ಇದಕ್ಕಿಂತ ಒಳ್ಳೆಯ ಪಾಠಶಾಲೆ. ಹಾರ್ಮೋನಿಯಂ ಮೇಷ್ಟ್ರು 'ಕುರುಕ್ಷೇತ್ರ'ದ ದುರ್ಯೋಧನನನ್ನು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಅಳೆಯುತ್ತ ಕೂರುವುದಿಲ್ಲ. ಹಾಡು ನಿಲ್ಲಿಸಿ, 'ಈ ಸಾಲಿನಲ್ಲಿ ಶ್ರುತಿ ಬಿಟ್ಟೆ, ಇಲ್ಲಿಂದ ತಗೋ' ಎನ್ನುತ್ತಾರೆ. ಹೊಗಳುವಾಗಲೂ ಅಷ್ಟೇ, 'ಭೀಮನ ಹೆಸರು ಬಂದಾಗ ಹಲ್ಲು ಕಚ್ಚಿದೆಯಲ್ಲ, ಅದನ್ನು ಬಿಡಬೇಡ' ಎನ್ನುತ್ತಾರೆ. ಉಳಿಸಿಕೊಳ್ಳಬೇಕಾದದ್ದು ಯಾವುದೆಂದು ಗೊತ್ತಿಲ್ಲದ ನಟ ತಿದ್ದುವ ಭರದಲ್ಲಿ ಅದನ್ನೂ ಕಳೆದುಕೊಳ್ಳುತ್ತಾನೆ. ಬರೆಯುವವರ ಪಾಡೂ ಅದೇ. ಇನ್ನೊಂದು ವಿಷಯ, ಮೇಷ್ಟ್ರು ಇಷ್ಟೆಲ್ಲ ಹೇಳುವುದು ತಾಲೀಮಿನಲ್ಲಿ. ನಾಟಕದ ರಾತ್ರಿ ಊರ ಮುಂದೆ ಪಾತ್ರಧಾರಿಯನ್ನು ನಿಲ್ಲಿಸಿ ತಿದ್ದುವುದಿಲ್ಲ.

ನಂಬಿಕೆ: ಕನ್ನಡ ಶುದ್ಧವಿಲ್ಲದಿದ್ದರೆ ಮೊದಲು ಅದನ್ನೇ ಹೇಳಬೇಕು.

ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ಅಕ್ಷರದ ತಪ್ಪನ್ನು ತಿದ್ದಿಕೊಡುವುದು ಉಪಕಾರವೇ. ಆದರೆ ಪಾತ್ರ ಮಾತಾಡುವಾಗ ಬರುವ ತೆಲುಗಿನ ಬಳುಕನ್ನು ತಪ್ಪೆಂದು ಅಳಿಸುವುದು ಅನ್ಯಾಯ, ಈ ನೆಲದ ಜನ ಹಾಗೇ ಮಾತಾಡುವುದು. ಮಾಸ್ತಿಯವರ ಮನೆಮಾತು ತಮಿಳು. ಕನ್ನಡದ ಸಣ್ಣಕತೆ ಅವರಿಂದಲೇ ಗಟ್ಟಿಯಾಯಿತು.

ನಂಬಿಕೆ: ಟೀಕೆ ಒಪ್ಪಿಕೊಳ್ಳುವುದೆಂದರೆ ಹೇಳಿದಂತೆ ತಿದ್ದುವುದು.

1924ರಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದರು. ಶ್ರೀನಿವಾಸಪುರದಾಚೆ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಕಾಲೇಜಿನಲ್ಲಿ ದುಡಿದಿದ್ದವರು ಕಸಿನ್ಸ್. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು. ಹುಡುಗನಿಗೆ ಆ ಮಾತು ಹಿತವಾಗಲಿಲ್ಲ, ಆದರೂ ಕನ್ನಡಕ್ಕೆ ಕೈಹಚ್ಚಿದರು. ಕನ್ನಡದ ಲಯ, ಛಂದಸ್ಸನ್ನು ಹೇಳಿಕೊಡುವುದು ಕಸಿನ್ಸ್ ಅವರಿಂದ ಆಗುವ ಕೆಲಸವಾಗಿರಲಿಲ್ಲ, ಅದನ್ನು ಕುವೆಂಪು ತಾವೇ ಕಂಡುಕೊಳ್ಳಬೇಕಾಯಿತು. ಇಪ್ಪತ್ತು ವರ್ಷದ ನಂತರ ಅದೇ ಕುವೆಂಪು ಮಾಸ್ತಿಯವರ ಮಾತನ್ನು ಪೂರ್ತಿ ಕೇಳಿ, ಒಪ್ಪದೆ ನಿಂತರು. ಎರಡೂ ಟೀಕೆಯನ್ನು ಸ್ವೀಕರಿಸಿದ ಬಗೆಯೇ.

ಓದುಗ ಎಲ್ಲಿ ಎಡವಿದನೆಂದು ಹೇಳಿದರೆ ನಂಬಿ, ಅದು ಅವನ ಅನುಭವ. ಹೀಗೆ ತಿದ್ದು ಎಂದರೆ ಯೋಚಿಸಿ, ಕತೆ ನಿಮ್ಮದು. ಕೇಳಿದ ದಿನವೇ ಉತ್ತರ ಕೊಡಬೇಡಿ, 'ಓದಿದ್ದಕ್ಕೆ ಥ್ಯಾಂಕ್ಸ್' ಎಂದರೆ ಸಾಕು. ನನ್ನ ಮನಸ್ಸಿನಲ್ಲಿ ಹೀಗಿತ್ತು ಎಂಬ ವಿವರಣೆ ಬೇಡ, ಮನಸ್ಸಿನಲ್ಲಿದ್ದದ್ದು ಪುಟದಲ್ಲಿ ಇಲ್ಲವೆಂದೇ ಅವರು ಹೇಳುತ್ತಿರುವುದು. ಬಳಿಕ ಇನ್ನಿಬ್ಬರಿಗೆ ಓದಲು ಕೊಡಿ. ಮೂವರೂ ಒಂದೇ ಕಡೆ ಎಡವಿದ್ದರೆ ಆ ಪುಟವನ್ನು ಮತ್ತೆ ಬರೆಯಿರಿ. ಒಬ್ಬೊಬ್ಬರು ಒಂದೊಂದು ಕಡೆ ನಿಂತಿದ್ದರೆ ನಾಲ್ಕನೆಯ ಓದುಗ ಸಿಗುವವರೆಗೆ ಏನನ್ನೂ ಮುಟ್ಟಬೇಡಿ.