ಭಾರದ ಮೈಗೆ ನೀರಿನ ಆಸರೆ

‘ದಿನಾ ಒಂದು ಗಂಟೆ ವಾಕಿಂಗ್ ಮಾಡಿ, ತೂಕ ಇಳಿಸಿ’ ಎಂದು ಡಾಕ್ಟರು ಔಷಧದ ಚೀಟಿಯ ಕೆಳಗೆ ಬರೆದುಕೊಡುತ್ತಾರೆ. ಬರೆಯುವುದೇನೋ ಸುಲಭ. ೯೦, ೧೦೦ ಕಿಲೋ ತೂಗುವ ಮೈಯನ್ನು ಹೊತ್ತು ನಡೆಯಬೇಕಾದವರು ನೀವು. ಮೊದಲ ದಿನ ಹುರುಪಿನಿಂದ ಬಸ್ ನಿಲ್ದಾಣದವರೆಗೆ ಹೋಗಿ ಬರುತ್ತೀರಿ. ಎರಡನೆಯ ದಿನ ಮಂಡಿ ಊದುತ್ತದೆ. ಮೂರನೆಯ ದಿನ ಹಿಮ್ಮಡಿ ನೆಲಕ್ಕೆ ಊರಲಾಗದು. ನಾಲ್ಕನೆಯ ದಿನ ‘ನನ್ನ ಹಣೆಬರಹ ಇಷ್ಟೇ’ ಎಂದು ನೋವಿನ ಎಣ್ಣೆ ತಿಕ್ಕಿಕೊಂಡು ಕೂರುತ್ತೀರಿ. ಸಾಲದ್ದಕ್ಕೆ ಮನೆಯವರ ಮಾತು ಬೇರೆ: ‘ಬಾಯಿ ಕಟ್ಟೋಕಾಗಲ್ಲ, ಮೈ ಬಗ್ಗಿಸೋಕಾಗಲ್ಲ. ಬರೀ ಸೋಮಾರಿತನ!’

ಸೋಮಾರಿತನವಲ್ಲ, ಇದು ಲೆಕ್ಕದ ಮಾತು. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಮೈತೂಕ ಹೆಚ್ಚಿದ್ದು ಮಂಡಿನೋವಿನಿಂದ ನರಳುತ್ತಿದ್ದ ಹಿರಿಯರ ನಡಿಗೆಯನ್ನು ಅಳೆದು ೨೦೦೫ರಲ್ಲಿ ಒಂದು ವಿಷಯ ತಿಳಿಸಿದರು. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದಂತೆ. ಇದನ್ನೇ ತಿರುಗಿಸಿ ನೋಡಿ. ೨೦ ಕಿಲೋ ಹೆಚ್ಚುವರಿ ಮೈ ಇದ್ದವರ ಮಂಡಿ ಹೆಜ್ಜೆಹೆಜ್ಜೆಗೂ ಹತ್ತಿರಹತ್ತಿರ ೮೦ ಕಿಲೋ ಹೆಚ್ಚು ಹೊರಬೇಕಾಗುತ್ತದೆ. ತೂಕ ಇಳಿಯಬೇಕಾದರೆ ನಡೆಯಬೇಕು, ನಡೆಯಬೇಕಾದರೆ ತೂಕ ಇಳಿದಿರಬೇಕು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಅನ್ನುವ ಗಾದೆಯಂತಾಯಿತಲ್ಲವೆ?

ನೀವೊಬ್ಬರೇ ಹೀಗೆ ಎಂದು ಕೊರಗಬೇಡಿ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೨೪ ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚಿತ್ತು. ಅಂದರೆ ಸುಮಾರು ನಾಲ್ವರಲ್ಲಿ ಒಬ್ಬರು.

ಈ ಗಂಟನ್ನು ಬಿಡಿಸಲು ಒಂದು ದಾರಿ ಇದೆ. ನೆಲದ ಮೇಲೆ ನಡೆಯಲಾಗದಿದ್ದರೆ ನೀರಿನಲ್ಲಿ ನಡೆಯುವುದು. ‘ಅಯ್ಯೋ, ಈ ವಯಸ್ಸಿನಲ್ಲಿ ಈಜು ಕಲಿಯೋದೇನ್ರೀ!’ ಎನ್ನುವಿರಾದರೆ, ತಾಳಿ. ಈಜು ಬರಬೇಕಾಗಿಯೇ ಇಲ್ಲ. ಎದೆಮಟ್ಟದ ನೀರಿನಲ್ಲಿ, ಕಾಲು ನೆಲಕ್ಕೆ ಊರಿಕೊಂಡು, ತಲೆ ನೆನೆಯದಂತೆ ಮಾಡುವ ವ್ಯಾಯಾಮ ಇದು.

ಬಾವಿಯಿಂದ ನೀರು ಸೇದಿದವರಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ. ತುಂಬಿದ ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಎರಡು ಬೆರಳಿನಲ್ಲಿ ಹಗ್ಗ ಎಳೆದರೂ ಬರುತ್ತದೆ. ಕೊಡ ನೀರಿನಿಂದ ಮೇಲೆದ್ದಿತೋ, ರಾಟೆ ಕಿರ್ರೆನ್ನುತ್ತದೆ, ರಟ್ಟೆ ಜಗ್ಗುತ್ತದೆ. ಕೊಡ ಅದೇ, ನೀರೂ ಅಷ್ಟೇ. ಒಳಗಿದ್ದಾಗ ಬಾವಿಯ ನೀರು ಅದನ್ನು ಕೆಳಗಿನಿಂದ ಎತ್ತಿ ಹಿಡಿದಿತ್ತು. ನಿಮ್ಮ ಮೈಗೂ ಹೀಗೆಯೇ. ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲುಗಳ ಮೇಲೆ ಬೀಳುವುದು ಮೈತೂಕದ ಅರ್ಧದಷ್ಟು. ಎದೆಯವರೆಗೆ ಇಳಿದರೆ ಮೂರನೆಯ ಒಂದು ಪಾಲು. ಕತ್ತಿನವರೆಗೆ ಇಳಿದರೆ ಹತ್ತನೆಯ ಒಂದು ಪಾಲು. ೯೦ ಕಿಲೋ ತೂಗುವವರು ಎದೆಮಟ್ಟದ ನೀರಿನಲ್ಲಿ ನಿಂತಾಗ ಅವರ ಮಂಡಿ, ಹಿಮ್ಮಡಿ, ಸೊಂಟಗಳ ಪಾಲಿಗೆ ಅವರು ೩೦ ಕಿಲೋದ ಹುಡುಗಿ!

ಇನ್ನೊಂದು ಮಾತು. ಎಣ್ಣೆ ನೀರಿನ ಮೇಲೆ ತೇಲುವ ಹಾಗೆ ಮೈಯ ಕೊಬ್ಬೂ ತೇಲುತ್ತದೆ. ದಪ್ಪಗಿರುವವರನ್ನು ನೀರು ತೆಳ್ಳಗಿರುವವರಿಗಿಂತ ಚೆನ್ನಾಗಿ ಎತ್ತಿ ಹಿಡಿಯುತ್ತದೆ. ದಪ್ಪ ಮೈಗೆ ಅನುಕೂಲವಾದ ಜಾಗ ಈ ಲೋಕದಲ್ಲಿ ಕಡಿಮೆ. ಬಸ್ಸಿನ ಸೀಟಿಲ್ಲ, ರೆಡಿಮೇಡ್ ರವಿಕೆಯಿಲ್ಲ. ನೀರು ಮಾತ್ರ ಅನುಕೂಲ.

ಹಗುರವೆಂದ ಮೇಲೆ ವ್ಯಾಯಾಮ ಹೇಗಾಯಿತು ಎಂಬ ಅನುಮಾನ ಬರುವುದು ಸಹಜ. ಬಚ್ಚಲ ಮನೆಯ ಬಕೆಟ್ಟಿನಲ್ಲಿ ಕೈ ಇಟ್ಟು ಪರೀಕ್ಷೆ ಮಾಡಿ. ಅಂಗೈಯನ್ನು ಚಾಕುವಿನಂತೆ ಮಾಡಿ ನೀರನ್ನು ಸೀಳಿದರೆ ಸರಾಗ. ಅದೇ ಅಂಗೈ ಅಗಲಿಸಿ ತಳ್ಳಿದರೆ ತೋಳು ಬಿಗಿಯುತ್ತದೆ. ನೀರು ಗಾಳಿಗಿಂತ ೮೦೦ ಪಟ್ಟು ಸಾಂದ್ರ. ನೀವು ಎತ್ತ ಸರಿದರೂ ಅದು ಎದುರು ನಿಂತು ತಡೆಯುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಇದರಲ್ಲಿ ಒಂದು ಒಳ್ಳೆಯದಿದೆ: ನೋವು ಕಂಡಿತೋ, ನಿಧಾನಿಸಿ, ಆ ಕ್ಷಣವೇ ಹೊರೆ ಇಳಿಯುತ್ತದೆ.

ಹಿಂದೆ ನೀರನ್ನು ಹೀಗೆ ನಂಬಿ ನಡೆದವರಲ್ಲಿ ಅಮೆರಿಕದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಬ್ಬರು. ೧೯೨೧ರಲ್ಲಿ ಕಾಯಿಲೆ ಬಿದ್ದು ಅವರ ಕಾಲುಗಳ ಶಕ್ತಿ ಹೋಯಿತು. ೧೯೨೪ರಲ್ಲಿ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದರು. ನೆಲದ ಮೇಲೆ ಆಸರೆಯಿಲ್ಲದೆ ನಿಲ್ಲಲಾರದಿದ್ದವರು ಅಲ್ಲಿನ ಬೆಚ್ಚನೆಯ ನೀರಿನ ಕೊಳದಲ್ಲಿ ಹೆಜ್ಜೆ ಹಾಕಿದರು. ಅವರ ಕಷ್ಟ ಬೇರೆ, ನಮ್ಮದು ಬೇರೆ, ನಿಜ. ನೀರಿನ ಗುಣ ಮಾತ್ರ ಒಂದೇ.

ನಾಚಿಕೆಯ ಮಾತು

ಇಷ್ಟು ಓದಿದ ಮೇಲೂ ನಿಮ್ಮ ಮನಸ್ಸಿನಲ್ಲಿ ಇರುವುದು ಮಂಡಿಯಲ್ಲ, ಬಟ್ಟೆ. ‘ಈ ಮೈ ಇಟ್ಕೊಂಡು ನಾಲ್ಕು ಜನರ ಎದುರು ಆ ಡ್ರೆಸ್ ಹಾಕೋದಾ?’ ಬಹಳ ಮಂದಿ ಕೊಳದ ಗೇಟಿನವರೆಗೂ ಬರದಿರಲು ಕಾರಣ ಇದೇ. ಸಣ್ಣ ಮಾತೆಂದು ತಳ್ಳಿಹಾಕುವಂಥದ್ದಲ್ಲ.

ಮೊದಲು ತಿಳಿಯಬೇಕಾದದ್ದು, ಸೀರೆ, ನೈಟಿ, ಹತ್ತಿಯ ಚೂಡಿದಾರ ತೊಟ್ಟು ಇಳಿಯುವುದು ಅಪಾಯ. ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಉಬ್ಬಿ ಮೇಲೇಳುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಹಾಗೆಂದು ಚಿತ್ರಗಳಲ್ಲಿ ಕಾಣುವ ತುಂಡು ಉಡುಪೇ ಬೇಕೆಂದಿಲ್ಲ. ಅರ್ಧ ತೋಳು, ಮಂಡಿ ದಾಟುವ ಕಾಲು ಇರುವ ಈಜುಡುಗೆ ದೊಡ್ಡ ಅಳತೆಯಲ್ಲೂ ಈಗ ಸಿಗುತ್ತದೆ. ಹಿಗ್ಗುವ ನೈಲಾನ್ ಬಟ್ಟೆ ಕೊಟ್ಟರೆ ಕೆಲವು ದರ್ಜಿಗಳು ಹೊಲಿದುಕೊಡುತ್ತಾರೆ. ಬಿಗಿಯಾದ ಲೆಗ್ಗಿಂಗ್ಸ್ ಮತ್ತು ನೈಲಾನ್ ಟೀ ಶರಟು ಆದೀತೇ ಎಂದು ಕೊಳದವರನ್ನೇ ಕೇಳಿ. ಒಂದೊಂದು ಕಡೆ ಒಂದೊಂದು ನಿಯಮ.

ನೀರಿಗಿಳಿದ ಮೇಲೆ ಎದೆಯಿಂದ ಕೆಳಗೆ ಯಾರ ಕಣ್ಣೂ ಬೀಳದು. ಕಷ್ಟವಿರುವುದು ಬಟ್ಟೆ ಬದಲಿಸುವ ಕೋಣೆಯಿಂದ ಕೊಳದ ಅಂಚಿನವರೆಗಿನ ಹತ್ತಿಪ್ಪತ್ತು ಹೆಜ್ಜೆ. ದೊಡ್ಡ ಟವೆಲ್ಲು ಹೊದ್ದು ಹೋಗಿ ಅಂಚಿನಲ್ಲಿ ಬಿಡಿ. ಜೊತೆಗೊಬ್ಬ ಗೆಳತಿ ಇದ್ದರಂತೂ ಆ ಹೆಜ್ಜೆಗಳು ಅರ್ಧ ಕಡಿಮೆ.

ಕೊಳ ಎಲ್ಲಿದೆ ಎನ್ನುತ್ತೀರಿ. ಮಂಗಳೂರಿನ ಲೇಡಿಹಿಲ್ ಬಳಿ ಪಾಲಿಕೆಯ ಕೊಳ, ಮೈಸೂರಿನ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾಲಯದ ಕೊಳದ ಹೆಸರು ಕೇಳಿರುತ್ತೀರಿ. ಇತರ ಜಿಲ್ಲಾ ಕೇಂದ್ರಗಳಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಖಾಸಗಿ ಶಾಲೆ, ಹೋಟೆಲುಗಳ ಕೊಳಗಳೂ ಉಂಟು. ಹೆಂಗಸರಿಗೇ ಮೀಸಲಾದ ಹೊತ್ತು ಇದೆಯೇ, ಕಾವಲಿಗೆ ಹೆಂಗಸರು ಇರುತ್ತಾರೆಯೇ ಎಂದು ಕೇಳಿ. ಇಲ್ಲವೆಂದರೆ ಸುಮ್ಮನೆ ಹಿಂದಿರುಗಬೇಡಿ. ಎಂಟು ಹತ್ತು ಮಂದಿ ಸೇರಿ ಸಹಿ ಹಾಕಿ ಅರ್ಜಿ ಕೊಡಿ. ಹನ್ನೊಂದರಿಂದ ಹನ್ನೆರಡು ಎಂದರೆ ಮಕ್ಕಳು ಶಾಲೆಗೆ, ಯಜಮಾನರು ಕೆಲಸಕ್ಕೆ ಹೋಗಿರುತ್ತಾರೆ. ಆ ಹೊತ್ತಿನಲ್ಲಿ ಕೊಳ ಖಾಲಿ ಹೊಡೆಯುತ್ತಿದ್ದರೆ ಹತ್ತು ಜನರ ಶುಲ್ಕ ಯಾರಿಗೆ ಬೇಡ?

ಹಳ್ಳಿಯ ಕಡೆಯವರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲೇ ಈಜು ಕಲಿತಿರಬಹುದು. ಆದರೆ ಈ ವ್ಯಾಯಾಮಕ್ಕೆ ಬಾವಿ, ಕೆರೆ, ಹೊಳೆ ಖಂಡಿತ ಬೇಡ. ಆಳ ಗೊತ್ತಾಗದು, ಕೆಸರಿನಲ್ಲಿ ಕಾಲು ಊರದು.

ಕೊಳ ನೋಡಲು ಹೋದಾಗ ಎರಡು ಸಂಗತಿ ಗಮನಿಸಿ. ಒಂದು ಆಳ. ಐದಡಿ ಎತ್ತರದವರಿಗೆ ಮೂರೂವರೆ ಅಡಿ ನೀರು ಎದೆಗೆ ಬರುತ್ತದೆ, ನಾಲ್ಕಡಿಯಾದರೆ ಭುಜಕ್ಕೆ. ಅದಕ್ಕಿಂತ ಹೆಚ್ಚಾದರೆ ಮೈ ತೇಲಿ ಕಾಲಿನ ಹಿಡಿತ ತಪ್ಪುತ್ತದೆ. ಎರಡನೆಯದು ಮೆಟ್ಟಿಲು. ಬಹಳ ಕೊಳಗಳಲ್ಲಿ ಗೋಡೆಗೆ ನೆಟ್ಟಗೆ ನಿಲ್ಲಿಸಿದ ಉಕ್ಕಿನ ಏಣಿ ಮಾತ್ರ ಇರುತ್ತದೆ. ಇಳಿಯುವುದು ಹೇಗೋ ಆದೀತು, ಹತ್ತುವುದು ಕಷ್ಟ. ಕೊಡ ನೀರಿನಿಂದ ಮೇಲೆ ಬಂದಾಗ ಭಾರವಾದದ್ದು ನೆನಪಿದೆಯಲ್ಲ? ಅಗಲವಾದ ಮೆಟ್ಟಿಲೂ ಹಿಡಿಕೆಯೂ ಇರುವ ಕೊಳವಾದರೆ ಒಳ್ಳೆಯದು. ಏಣಿಯೇ ಗತಿಯೆಂದರೆ ಅದಕ್ಕೆ ಮುಖಮಾಡಿ ಇಳಿಯಿರಿ. ಪೂರ್ತಿ ದಣಿಯುವ ಮೊದಲೇ ಹತ್ತಿ.

ನೀರಿನಲ್ಲಿ ಏನು ಮಾಡಬೇಕು?

ನಡೆಯಬೇಕು, ಅಷ್ಟೆ. ಮೊದಲ ವಾರ ಗೋಡೆಯ ಪಕ್ಕದಲ್ಲೇ, ಒಂದು ಕೈ ಅಂಚಿನ ಮೇಲಿಟ್ಟು ನಡೆಯಿರಿ. ನೀರಿನಲ್ಲಿ ತುದಿಗಾಲಲ್ಲಿ ನಡೆಯುವ ಅಭ್ಯಾಸ ತಾನಾಗಿ ಬಂದುಬಿಡುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಹಿಮ್ಮಡಿ ಮೊದಲು, ಬೆರಳು ಆಮೇಲೆ. ಬೆನ್ನು ನೆಟ್ಟಗಿರಲಿ. ನಾಲ್ಕೈದು ಸುತ್ತಾದ ಮೇಲೆ ಹಿಂದುಹಿಂದಕ್ಕೆ ನಡೆಯಿರಿ, ಆಮೇಲೆ ಏಡಿಯ ಹಾಗೆ ಅಡ್ಡಡ್ಡಕ್ಕೆ. ಮೂರು ನಡಿಗೆಯಲ್ಲೂ ಬೇರೆಬೇರೆ ಸ್ನಾಯುಗಳಿಗೆ ಕೆಲಸ.

ಕಾಲು ಪಳಗಿದ ಮೇಲೆ ಅಂಚು ಹಿಡಿದು ನಿಂತು ಒಂದೊಂದೇ ಮಂಡಿಯನ್ನು ಸೊಂಟದ ಮಟ್ಟಕ್ಕೆ ಎತ್ತಿ ಇಳಿಸಿ. ಕಾಲನ್ನು ನೆಟ್ಟಗಿಟ್ಟು ಪಕ್ಕಕ್ಕೆ ತೂಗಿ, ಹಿಂದಕ್ಕೆ ತೂಗಿ. ಗೋಡೆಗೆ ಎರಡು ಕೈ ಊರಿ ಮೈಯನ್ನು ಮುಂದಕ್ಕೆ ತಂದು ತಳ್ಳಿ. ತೋಳಿಗೆ ಬೇಕಾದರೆ ಕೈಗಳನ್ನು ನೀರಿನೊಳಗೇ ಇಟ್ಟು, ಅಂಗೈಯನ್ನು ಸೌಟಿನಂತೆ ಮಾಡಿ, ದೊಡ್ಡ ಪಾತ್ರೆಯ ಹುಳಿ ತಿರುವಿದ ಹಾಗೆ ಮುಂದಕ್ಕೂ ಹಿಂದಕ್ಕೂ ತಳ್ಳಿ. ಕಾಲು ಜಾರಿ ಮಲಗಿದಂತಾದರೆ ಗಾಬರಿಯಾಗಬೇಡಿ. ಮಂಡಿಗಳನ್ನು ಎದೆಯತ್ತ ಮಡಚಿ, ಅಂಗೈಗಳಿಂದ ನೀರನ್ನು ಕೆಳಕ್ಕೆ ಒತ್ತಿದರೆ ಪಾದ ತಾನಾಗಿ ನೆಲ ಮುಟ್ಟುತ್ತದೆ. ಮೊದಲ ದಿನವೇ ಅಂಚಿನ ಬಳಿ, ಒಬ್ಬರನ್ನು ಪಕ್ಕದಲ್ಲಿಟ್ಟುಕೊಂಡು, ಇದನ್ನು ನಾಲ್ಕು ಸಲ ಮಾಡಿ ನೋಡಿ. ಅರ್ಧ ಭಯ ಅಲ್ಲಿಗೇ ಮುಗಿಯಿತು.

ಶುರುವಿಗೆ ವಾರಕ್ಕೆ ಮೂರು ದಿನ, ಹತ್ತು ಹದಿನೈದು ನಿಮಿಷ ಸಾಕು. ವಾರಕ್ಕೆ ಐದೈದು ನಿಮಿಷ ಏರಿಸುತ್ತ ಮುಕ್ಕಾಲು ಗಂಟೆಗೆ ತನ್ನಿ. ನೀರಿನಲ್ಲಿ ನಾಡಿ ನೆಲದ ಮೇಲಿಗಿಂತ ನಿಧಾನ ಹೊಡೆಯುವುದರಿಂದ ನಾಡಿ ಎಣಿಸಿ ಪ್ರಯೋಜನವಿಲ್ಲ. ಗೆಳತಿಯ ಜೊತೆ ಮಾತಾಡಬಹುದು, ಆದರೆ ಹಾಡು ಹೇಳಲಾಗದು ಎನ್ನುವಷ್ಟು ಉಸಿರು ಏರಿದ್ದರೆ ಸರಿಯಾಗಿದೆ. ನೀರಿನಲ್ಲಿದ್ದರೂ ಬೆವರುತ್ತೀರಿ, ಗೊತ್ತಾಗುವುದಿಲ್ಲ ಅಷ್ಟೆ. ಕುಡಿಯಲು ಒಂದು ಬಾಟಲಿ ನೀರು ಅಂಚಿನಲ್ಲಿರಲಿ.

ಇಳಿಯುವ ಮುನ್ನ ಡಾಕ್ಟರನ್ನು ಕೇಳಲೇಬೇಕಾದವರಿದ್ದಾರೆ. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಮೂರ್ಛೆರೋಗ ಇರುವವರು, ಆರದ ಗಾಯವಿರುವವರು. ಎದೆಯನ್ನು ನೀರು ಒತ್ತುವುದರಿಂದ ಉಬ್ಬಸದವರು ಸೊಂಟಮಟ್ಟದಲ್ಲಿ ಆರಂಭಿಸುವುದು ಮೇಲು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಇಳಿಯಬಾರದು. ಗ್ಲೂಕೋಸ್ ಪೊಟ್ಟಣ ಕೈಗೆಟಕುವಂತಿರಲಿ. ಪಾದ ಜೋಮು ಹಿಡಿದವರಿಗೆ ಒರಟು ನೆಲ ತರಚಿದ್ದೂ ತಿಳಿಯದು. ಅವರಿಗೆ ನೀರಿನಲ್ಲಿ ಹಾಕುವ ರಬ್ಬರ್ ಶೂ ಬೇಕೇ ಬೇಕು. ಗಾಜಿನ ಬಳೆ ಮನೆಯಲ್ಲಿ ತೆಗೆದಿಟ್ಟು ಬನ್ನಿ. ತಲೆಗೆ ಎಣ್ಣೆ ಹಚ್ಚಿಕೊಂಡು, ಅರಿಶಿನ ಬಳಿದುಕೊಂಡು ಇಳಿದರೆ ಕೊಳದವರು ಗೊಣಗುತ್ತಾರೆ. ಅವರು ಗೊಣಗುವುದರಲ್ಲಿ ನ್ಯಾಯವಿದೆ.

ಹಸಿವೆಂಬ ಮೋಸಗಾರ

ಇಷ್ಟೆಲ್ಲ ಮಾಡಿದರೆ ಎಷ್ಟು ಇಳಿಯುತ್ತದೆ? ಎರಡು ಮೂರು ತಿಂಗಳಿಗೆ ಎರಡು ಮೂರು ಕಿಲೋ ಇಳಿದರೆ ಒಳ್ಳೆಯದೇ ಆಯಿತೆನ್ನಬೇಕು. ಇಷ್ಟೇನಾ ಎಂದು ಮೂಗೆಳೆಯಬೇಡಿ. ಮೂರು ಕಿಲೋ ಎಂದರೆ ಮಂಡಿಗೆ ಹನ್ನೆರಡು. ಆದರೆ ಊಟದ ಕಡೆ ಕಣ್ಣಿಡದಿದ್ದರೆ ಇದೂ ಇಳಿಯದು.

೨೦೦೫ರಲ್ಲಿ ಫ್ಲಾರಿಡಾದ ಸಂಶೋಧಕರು ಒಂದು ಪರೀಕ್ಷೆ ಮಾಡಿದ್ದರು. ೨೦ ಡಿಗ್ರಿಯ ತಣ್ಣೀರಿನಲ್ಲಿ ವ್ಯಾಯಾಮ ಮಾಡಿ ಬಂದವರು, ೩೩ ಡಿಗ್ರಿಯ ನೀರಿನಲ್ಲಿ ಮಾಡಿ ಬಂದಾಗ ತಿಂದದ್ದಕ್ಕಿಂತ ನೂರಕ್ಕೆ ೪೪ರಷ್ಟು ಹೆಚ್ಚು ತಿಂದರಂತೆ! ತಣ್ಣೀರು ಹಸಿವನ್ನು ಎಬ್ಬಿಸುತ್ತದೆ. ಅದಕ್ಕೇ ಚಳಿಗಾಲದ ನಸುಕಿನ ಕೊಳಕ್ಕಿಂತ ಬಿಸಿಲೇರಿದ ಮೇಲಿನ ಕೊಳ ನಿಮಗೆ ಲೇಸು. ಕೀಲುನೋವಿದ್ದವರಿಗೆ ೨೮ರಿಂದ ೩೧ ಡಿಗ್ರಿಯ ನೀರು ಹಿತ. ಅರ್ಧ ಗಂಟೆ ನೀರಿನಲ್ಲಿ ನಡೆದು ಕರಗಿಸಿದ್ದನ್ನು ಒಂದು ಮಸಾಲೆ ದೋಸೆ ಐದು ನಿಮಿಷದಲ್ಲಿ ವಾಪಸು ಕೊಡುತ್ತದೆ. ದಾರಿಯಲ್ಲಿ ಹೋಟೆಲಿನ ಒಗ್ಗರಣೆ ವಾಸನೆ ಬೇರೆ! ಹೊರಡುವ ಮೊದಲೇ ಹೆಸರುಬೇಳೆ ನೆನೆಹಾಕಿಟ್ಟು ಹೋಗಿ. ಬಂದವರೇ ಸೌತೆಕಾಯಿ ಹೆಚ್ಚಿ, ನಿಂಬೆರಸ ಹಿಂಡಿ, ತೆಂಗಿನಕಾಯಿ ಒಂದು ಚಿಟಿಕೆ ಮಾತ್ರ ಹಾಕಿ ಕೋಸಂಬರಿ ಮಾಡಿ, ಒಂದು ಲೋಟ ನೀರು ಮಜ್ಜಿಗೆಯೊಡನೆ ತಿನ್ನಿ. ಹೊಟ್ಟೆ ಸುಮ್ಮನಾದ ಮೇಲೆ ಅಡುಗೆಮನೆಗೆ ಕಾಲಿಡಿ.

ಮೂಳೆಯ ವಿಷಯವೊಂದು ಉಳಿಯಿತು. ನೀರು ಭಾರವನ್ನೆಲ್ಲ ತಾನೇ ಹೊರುವುದರಿಂದ ಮೂಳೆ ಗಟ್ಟಿಯಾಗಲು ಬೇಕಾದಷ್ಟು ಒತ್ತಡ ಸಿಗದು. ಮಂಡಿಯ ನೋವು ಹತೋಟಿಗೆ ಬಂದ ಮೇಲೆ ಕೊಳವಿಲ್ಲದ ದಿನ ಮನೆಯ ಮುಂದಿನ ರಸ್ತೆಯಲ್ಲಿ ಹತ್ತು ನಿಮಿಷ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕುಳಿತುಕೊಳ್ಳಿ. ಮೊದಲ ತಿಂಗಳು ಇದು ಆಗದಿದ್ದರೆ ಎರಡನೆಯ ತಿಂಗಳು ಆದೀತು.

ತೂಕದ ಯಂತ್ರದ ಮೇಲೆ ದಿನಾ ಹತ್ತಬೇಡಿ. ಹದಿನೈದು ದಿನಕ್ಕೊಮ್ಮೆ ಸಾಕು. ಅದಕ್ಕಿಂತ ಹೊಲಿಗೆ ಪೆಟ್ಟಿಗೆಯ ಟೇಪಿನಿಂದ ಸೊಂಟದ ಸುತ್ತಳತೆ ತೆಗೆದು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಈಜುಡುಗೆಯನ್ನು ಮನೆಗೆ ಬಂದೊಡನೆ ತಿಳಿನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಹಾಕಿ. ಕೊಳದ ಕ್ಲೋರಿನ್ ಉಳಿದರೆ ಎಲಾಸ್ಟಿಕ್ಕು ಬೇಗ ಸಡಿಲವಾಗುತ್ತದೆ.