ಸೃಷ್ಟಿಯ ಪ್ರಶ್ನೆ ಮತ್ತು ಮುತ್ತೊರೈ ಗುಡ್ಡ

ಶಾಲಾ ಪ್ರವಾಸದಲ್ಲಿ ಗೂಡಲೂರು ಮಾರ್ಗವಾಗಿ ಊಟಿಗೆ ಹೋಗಿದ್ದಾಗ, ರೇಡಿಯೋ ದೂರದರ್ಶಕದ ವಿಷಯ ಹೇಳುತ್ತಿದ್ದೆವು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸಾರ್, ದೇವರು ಲೋಕ ಸೃಷ್ಟಿ ಮಾಡಿದ ಅಂತ ಈ ವಿಜ್ಞಾನಿಗಳು ನಂಬ್ತಾರಾ?" ಎಂದು ಕೇಳಿದಳು. ವಿಜ್ಞಾನ ಓದಿದರೆ ಮನೆಯ ದೇವರನ್ನು ಬಿಡಬೇಕಾದೀತೇ ಎಂಬ ಅಂಜಿಕೆ ಆ ಮಾತಿನಲ್ಲಿತ್ತು. ಬಸ್ಸಿನಲ್ಲಿ ನಾವು ಕೊಟ್ಟ ಉತ್ತರ ನಮಗೇ ತೃಪ್ತಿಯಾಗಲಿಲ್ಲ. ಅದಕ್ಕಾಗಿಯೇ ಈ ಲೇಖನ.

ವಿಶ್ವಕ್ಕೆ ಒಂದು ಆರಂಭವಿತ್ತೆಂದು 1931ರಲ್ಲಿ ಸೂಚಿಸಿದವರು ಬೆಲ್ಜಿಯಂ ದೇಶದ ಜಾರ್ಜ್ ಲೆಮೈತ್ರ್. ಇವರು ಭೌತವಿಜ್ಞಾನಿಯೂ ಹೌದು, ದೀಕ್ಷೆ ಪಡೆದ ಕ್ರೈಸ್ತ ಪಾದ್ರಿಯೂ ಹೌದು. ಇಂಗ್ಲೆಂಡಿನ ಫ್ರೆಡ್ ಹಾಯ್ಲ್ ಅವರಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ. ಆರಂಭವೆಂಬ ಮಾತಿನಲ್ಲಿಯೇ ಅವರಿಗೆ ಧರ್ಮದ ವಾಸನೆ ಬಡಿಯಿತು. ವಿಶ್ವ ಎಂದೆಂದಿಗೂ ಒಂದೇ ರೀತಿ ಇದೆ ಎಂಬ ಸ್ಥಿರಸ್ಥಿತಿ ಸಿದ್ಧಾಂತವನ್ನು ಅವರೂ, ಬಾಂಡಿ ಮತ್ತು ಗೋಲ್ಡ್ ಎಂಬವರೂ 1948ರಲ್ಲಿ ಮಂಡಿಸಿದರು. ಎದುರು ಪಕ್ಷಕ್ಕೆ "ಮಹಾಸ್ಫೋಟ" ಎಂಬ ಅರ್ಥದ ಹೆಸರನ್ನು 1949ರಲ್ಲಿ ರೇಡಿಯೋ ಭಾಷಣದಲ್ಲಿ ಇಟ್ಟವರೂ ಹಾಯ್ಲ್ ಅವರೇ!

1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಹೊಸ ಖಗೋಳವಿಜ್ಞಾನವು ದೇವರ ಸೃಷ್ಟಿಗೆ ಸಾಕ್ಷಿಯಾಗಿದೆ ಎಂಬರ್ಥದ ಭಾಷಣ ಮಾಡಿದರು. ಲೆಮೈತ್ರ್ ಹಿಗ್ಗಬೇಕಿತ್ತಲ್ಲವೇ? ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ದೇವರಿದ್ದಾನೆಂದಾಗಲಿ ಇಲ್ಲವೆಂದಾಗಲಿ ಹೇಳುವುದಿಲ್ಲ, ನಾಳೆ ಅದು ತಪ್ಪೆಂದು ತೋರಿದರೂ ತಮ್ಮ ಭಕ್ತಿಗೆ ಕುಂದಿಲ್ಲ ಎಂಬುದು ಅವರ ನಿಲುವು.

ಇನ್ನು ನಮ್ಮ ನೀಲಗಿರಿಗೆ ಬರೋಣ. ಊಟಿಯ ಬಳಿಯ ಮುತ್ತೊರೈಯಲ್ಲಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1970ರಲ್ಲಿ ದೂರದರ್ಶಕವನ್ನು ಪೂರ್ಣಗೊಳಿಸಿದರು. ಉದ್ದ 530 ಮೀಟರ್, ಅಗಲ 30 ಮೀಟರ್. ಗುಡ್ಡದ ಇಳಿಜಾರು ಸುಮಾರು 11 ಡಿಗ್ರಿ. ಆ ಸ್ಥಳದ ಅಕ್ಷಾಂಶವೂ ಅಷ್ಟೇ. ಆದ್ದರಿಂದ ದೂರದರ್ಶಕದ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದ್ದು, ಅದನ್ನು ಮೆಲ್ಲನೆ ಹೊರಳಿಸಿದರೆ ಸಾಕು, ಒಂದೇ ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಗುಡ್ಡವನ್ನೇ ಯಂತ್ರದ ಭಾಗವಾಗಿಸಿದ ಈ ಜಾಣತನವನ್ನು ನಾವು ಎಷ್ಟು ಹೊಗಳಿದರೂ ಸಾಲದು.

ಚಂದ್ರನು ದೂರದ ರೇಡಿಯೋ ಆಕರವೊಂದಕ್ಕೆ ಅಡ್ಡ ಬಂದಾಗ ಅದರ ಅಲೆಗಳು ಕುಗ್ಗುವ ರೀತಿಯಿಂದ ಅದರ ಗಾತ್ರವನ್ನು ಲೆಕ್ಕ ಹಾಕುತ್ತಾರೆ. ದೂರದಿಂದ ಬರುವ ಅಲೆ ಹಳೆಯ ಅಲೆ; ದೂರ ನೋಡಿದಷ್ಟೂ ಹಿಂದಿನ ಕಾಲ ಕಾಣುತ್ತದೆ. ಸ್ವರೂಪ್ ಮತ್ತು ವಿಜಯ್ ಕಪಾಹಿ 1975ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಅಂದಿನ ಆಕರಗಳು ಇಂದಿನವುಗಳಂತಿರಲಿಲ್ಲ. ವಿಶ್ವ ಬದಲಾಗುತ್ತಾ ಬಂದಿದೆ ಎಂದಾಯಿತು. ಇದು ಹಾಯ್ಲ್ ಅವರ ಪಕ್ಷಕ್ಕೆ ಪೆಟ್ಟು, ಪಾದ್ರಿಯ ಪಕ್ಷಕ್ಕೆ ಬಲ. ಆದರೆ ಅಳೆದದ್ದು ಆಕರಗಳ ಗಾತ್ರವನ್ನು. ಅಳೆದವರ ನಂಬಿಕೆಯನ್ನು ಯಾರೂ ಲೆಕ್ಕಕ್ಕೆ ಸೇರಿಸಲಿಲ್ಲ.

ಲೆಮೈತ್ರ್ ಇದನ್ನು ಕಾಣಲಿಲ್ಲ. ಅವರು 1966ರ ಜೂನ್‌ನಲ್ಲಿ ತೀರಿಕೊಂಡರು. ಆದರೆ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ, ಮಹಾಸ್ಫೋಟದ ಕುರುಹಾದ ಮಂದ ವಿಕಿರಣ ಪತ್ತೆಯಾಗಿದೆಯೆಂಬ ಸುದ್ದಿ ಅವರು ಕಾಯಿಲೆಯಲ್ಲಿದ್ದಾಗಲೇ ಅವರ ಕಿವಿಗೆ ಬಿದ್ದಿತ್ತು. ಕೊನೆಯವರೆಗೂ ಅವರು ಪಾದ್ರಿಯಾಗಿಯೇ ಇದ್ದರು, ವಿಜ್ಞಾನಿಯಾಗಿಯೂ ಇದ್ದರು.