ಮೊದಲ ಸಾವಿರ ಕಿಲೋಮೀಟರ್: ಹೊಸ ಮೋಟಾರ್ ಸೈಕಲ್ ಎಂಜಿನ್ನನ್ನು ಪಳಗಿಸುವ ಬಗೆ

ವರ್ತಕರಿಗೂ ಉದ್ಯಮಿಗಳಿಗೂ ‘ಸವಕಳಿ’ ಎಂಬ ಪದ ಹೊಸದೇನಲ್ಲ. ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರು ಯಂತ್ರಕ್ಕೆ ಇಷ್ಟು, ವಾಹನಕ್ಕೆ ಇಷ್ಟು ಎಂದು ದರ ಹಿಡಿದು ಅದನ್ನು ಪುಸ್ತಕದಲ್ಲಿ ಬರೆದುಬಿಡುತ್ತಾರೆ. ಆದರೆ ಎಂಜಿನ್ನಿನ ಒಳಗೆ ನಡೆಯುವ ನಿಜವಾದ ಸವಕಳಿಗೆ ಹಾಗೆ ಒಂದೇ ಸಮನಾದ ದರವಿಲ್ಲ. ಅದು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ತೀವ್ರವಾಗಿದ್ದು, ಅನಂತರ ಬಹುಕಾಲ ಮಂದಗತಿಯಲ್ಲಿ ಸಾಗುತ್ತದೆ. ಆರಂಭದ ಈ ಸವಕಳಿಯು ಕ್ರಮಬದ್ಧವಾಗಿ ನಡೆದರೆ ವಾಹನದ ಆಯುಷ್ಯಕ್ಕೆ ಲಾಭ. ಅಡ್ಡಾದಿಡ್ಡಿಯಾಗಿ ನಡೆದರೆ ಮುಂದೆಂದೂ ತುಂಬಿಕೊಳ್ಳಲಾಗದ ನಷ್ಟ. ಮೆಕ್ಯಾನಿಕ್‌ಗಳು ‘ರನ್ನಿಂಗ್-ಇನ್’ ಎಂದು ಕರೆಯುವ ಪಳಗಿಸುವಿಕೆಯ ಉದ್ದೇಶವೇ ಈ ಸವಕಳಿಯನ್ನು ಹಿಡಿತದಲ್ಲಿಟ್ಟುಕೊಳ್ಳುವುದು.

ವಸೂಲಿ, ಮಾದರಿ ಸರಕಿನ ಪ್ರದರ್ಶನ, ಔಷಧಿ ಮತ್ತು ಬಿಡಿಭಾಗಗಳ ಪೂರೈಕೆ ಇವೆಲ್ಲವೂ ಇಂದು ಮೋಟಾರ್ ಸೈಕಲ್‌ಗಳನ್ನೇ ಅವಲಂಬಿಸಿವೆ. ಇಲ್ಲಿ ಹಣ ಹೂಡುವವರು ಒಬ್ಬರು, ವಾಹನ ಓಡಿಸುವವರು ಮತ್ತೊಬ್ಬರು. ತೊಂದರೆಯ ಮೂಲವಿರುವುದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ನಮ್ಮ ಸಗಟು ಅಂಗಡಿಗೆ ಒಂದೇ ದಿನ, ಒಂದೇ ಮಾದರಿಯ ಎರಡು ಮೋಟಾರ್ ಸೈಕಲ್‌ಗಳನ್ನು ಖರೀದಿಸಿದ್ದೆವು. ಒಂದನ್ನು ವಸೂಲಿಗೆ ಹೋಗುವ ಹಿರಿಯ ಪ್ರತಿನಿಧಿಯವರಿಗೆ ಕೊಟ್ಟೆವು. ಅವರು ಕುಂದಗೋಳ, ನವಲಗುಂದ, ಗದಗ ಎಂದು ಊರೂರಿನಲ್ಲಿ ನಿಲ್ಲುತ್ತ, ಸಾವಧಾನವಾಗಿ ಸಾಗುವವರು. ಇನ್ನೊಂದನ್ನು ಪೂಜೆಯಾದ ಮರುದಿನವೇ ತರುಣ ನೌಕರನಿಗೆ ಒಪ್ಪಿಸಿ, ಹಿಂದೆ ಎರಡು ಪೆಟ್ಟಿಗೆ ಕಟ್ಟಿಸಿ, ಬೇಗ ಹಾವೇರಿಗೆ ಹೋಗಿ ಬಾ ಎಂದೆವು. ಅವನು ಹೆದ್ದಾರಿಯಲ್ಲಿ ಹೋಗುವಾಗಲೂ ಬರುವಾಗಲೂ ಎಕ್ಸಿಲರೇಟರನ್ನು ಪೂರ್ತಿ ತಿರುಗಿಸಿಯೇ ಹಿಡಿದಿದ್ದ. ಎರಡನೆಯ ವರ್ಷಕ್ಕೇ ಆ ವಾಹನ ನೀಲಿ ಹೊಗೆ ಉಗುಳತೊಡಗಿತು. ಬೋರ್ ಮಾಡಿಸಿ, ಪಿಸ್ಟನ್ ಮತ್ತು ರಿಂಗುಗಳನ್ನು ಬದಲಿಸಬೇಕಾಯಿತು. ಮೊದಲನೆಯದು ಮಾತ್ರ ಎಂಜಿನ್ ಬಿಚ್ಚದೆಯೇ ಬಹುಕಾಲ ದುಡಿಯಿತು. ಒಂದು ಘಟನೆಯಿಂದ ಸಿದ್ಧಾಂತ ಕಟ್ಟಲಾಗದು ಎಂಬುದು ನಿಜ. ಆದರೂ ತಪ್ಪು ಆ ಹುಡುಗನದಲ್ಲ, ಒಂದು ಮಾತು ಹೇಳದೆ ಕೀಲಿಕೈ ಕೊಟ್ಟ ನಮ್ಮದು ಎಂಬ ಅರಿವು ನಮಗಾಯಿತು.

ಸಿಲಿಂಡರಿನೊಳಗೆ ನಡೆಯುವುದೇನು?

ಹೊಸ ಸಿಲಿಂಡರಿನ ಒಳಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ವಾಸ್ತವದಲ್ಲಿ ಹಾಗಿರುವುದಿಲ್ಲ. ಕಾರ್ಖಾನೆಯಲ್ಲಿ ಹೋನಿಂಗ್ ಮಾಡುವಾಗ ಅದರ ಮೇಲೆ ಓರೆಯಾಗಿ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೆರೆಗಳನ್ನು ಉದ್ದೇಶಪೂರ್ವಕವಾಗಿಯೇ ಮೂಡಿಸಲಾಗುತ್ತದೆ. ಗೆರೆಯ ತಗ್ಗುಗಳು ಆಯಿಲನ್ನು ಹಿಡಿದಿಡುತ್ತವೆ. ಉಬ್ಬುಗಳು ಪಿಸ್ಟನ್ ರಿಂಗಿನೊಡನೆ ಉಜ್ಜಿ ಮಟ್ಟಸವಾಗುತ್ತವೆ. ಹೀಗೆ ರಿಂಗು ಮತ್ತು ಗೋಡೆ ಪರಸ್ಪರ ಹೊಂದಿಕೊಂಡಾಗ ಮಾತ್ರ ದಹನದ ಅನಿಲ ಕೆಳಗೆ ಸೋರುವುದಿಲ್ಲ, ಆಯಿಲ್ ಮೇಲಕ್ಕೇರಿ ಉರಿಯುವುದಿಲ್ಲ. ಅಂದರೆ, ಎಂಜಿನ್ ತಯಾರಿಕೆಯ ಕಟ್ಟಕಡೆಯ ಹಂತ ನಡೆಯುವುದು ಕಾರ್ಖಾನೆಯಲ್ಲಲ್ಲ, ಗ್ರಾಹಕನ ಕೈಯಲ್ಲಿ.

ಈ ಕೆಲಸದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನಮ್ಮ ರಸ್ತೆಗಳಲ್ಲಿ ಬಹುಕಾಲದಿಂದ ಪರಿಚಿತವಾಗಿರುವ 97.2 ಸಿ.ಸಿ. ಎಂಜಿನ್ನಿನಲ್ಲಿ ಪಿಸ್ಟನ್ನಿನ ಚಲನೆಯ ಅಂತರ 49.5 ಮಿ.ಮೀ. ಮಾತ್ರ. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಆ ಪಿಸ್ಟನ್ ಸೆಕೆಂಡಿಗೆ 200 ಬಾರಿ ದಿಕ್ಕು ಬದಲಿಸುತ್ತ, ಸರಾಸರಿ 10 ಮೀಟರಿನಷ್ಟು ದೂರ ಉಜ್ಜಿಕೊಂಡು ಓಡುತ್ತದೆ.

ಅತಿಯೂ ಸಲ್ಲದು, ಅಲ್ಪವೂ ಸಲ್ಲದು

ಹೊಸ ವಾಹನವನ್ನು ಆದಷ್ಟು ಮೆಲ್ಲಗೆ ಓಡಿಸಿದರೆ ಸಾಕೆಂಬುದು ಜನಜನಿತವಾದ ನಂಬಿಕೆ. ಇದು ಅರ್ಧಸತ್ಯ. ರಿಂಗನ್ನು ಗೋಡೆಯತ್ತ ಒತ್ತುವುದು ಅದರ ಸ್ವಂತ ಬಿಗಿತವಷ್ಟೇ ಅಲ್ಲ. ರಿಂಗಿನ ಹಿಂಬದಿಗೆ ನುಗ್ಗುವ ದಹನಾನಿಲದ ಒತ್ತಡವೂ ಅದಕ್ಕೆ ಬೇಕು. ಸದಾ ಭಾರವಿಲ್ಲದೆ, ನಿಂತಲ್ಲೇ ಎಂಜಿನ್ ಚಾಲೂ ಇಟ್ಟು ಕಳೆದರೆ ಆ ಒತ್ತಡ ದೊರೆಯುವುದಿಲ್ಲ. ಗೋಡೆಯ ಮೇಲಿನ ಆಯಿಲ್ ಸುಟ್ಟು ಗಾಜಿನಂತೆ ನಯವಾದ ಪದರವಾಗಿ, ಹೋನಿಂಗ್ ಗೆರೆಗಳೇ ಮುಚ್ಚಿಹೋಗಬಹುದು. ಅನಂತರ ರಿಂಗು ಕೂರುವುದು ದುಸ್ತರ.

ಇದಕ್ಕೆ ವಿರುದ್ಧವಾಗಿ, ಮೊದಲ ದಿನವೇ ಪೂರ್ಣ ವೇಗದಲ್ಲಿ ಬಹುಹೊತ್ತು ಓಡಿಸಿದರೆ ಉಬ್ಬುಗಳ ತುದಿಯಲ್ಲಿ ಶಾಖ ವಿಪರೀತ ಏರಿ ಗೋಡೆಯ ಮೇಲೆ ಗೀರು ಬೀಳುತ್ತದೆ; ವಿಕೋಪಕ್ಕೆ ಹೋದರೆ ಪಿಸ್ಟನ್ ಹಿಡಿದುಕೊಳ್ಳಲೂಬಹುದು. ಭಾರ ಹೇರಿ, ಮೇಲಿನ ಗೇರಿನಲ್ಲಿ ಕಡಿಮೆ ವೇಗದಲ್ಲಿ ಎಂಜಿನ್ ಏದುಸಿರು ಬಿಡುವಂತೆ ಎಳೆಸುವುದೂ ಅಷ್ಟೇ ಹಾನಿಕರ. ಆದುದರಿಂದ ಮಧ್ಯಮ ಮಾರ್ಗವೇ ಸೂಕ್ತ.

ಅನುಸರಿಸಬೇಕಾದ ಕ್ರಮ

1. ವಾಹನದೊಡನೆ ಬರುವ ಕೈಪಿಡಿಯಲ್ಲಿ ತಯಾರಕರು ವೇಗದ ಮಿತಿ ಸೂಚಿಸಿದ್ದರೆ ಅದೇ ಅಂತಿಮ. ಸೂಚಿಸದಿದ್ದಲ್ಲಿ ಮೊದಲ 500 ಕಿ.ಮೀ.ವರೆಗೆ ಎಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ಬಹುಹೊತ್ತು ತೆರೆಯದಿರುವುದು, ಅನಂತರ 1,000 ಕಿ.ಮೀ.ವರೆಗೆ ಹಂತಹಂತವಾಗಿ ಹೆಚ್ಚಿಸುವುದು ಲೇಸು.

2. ಒಂದೇ ವೇಗದಲ್ಲಿ ಸಾಗಬಾರದು. ಹದವಾಗಿ ವೇಗ ಹೆಚ್ಚಿಸಿ, ಮತ್ತೆ ಎಕ್ಸಿಲರೇಟರ್ ಬಿಟ್ಟು ವಾಹನ ತಾನಾಗಿ ನಿಧಾನವಾಗಲು ಬಿಡಬೇಕು. ಹಾಗೆ ಬಿಟ್ಟಾಗ ಸಿಲಿಂಡರಿನಲ್ಲಿ ಉಂಟಾಗುವ ನಿರ್ವಾತವು ರಿಂಗಿನತ್ತ ಆಯಿಲ್ ಸೆಳೆದು ತಂಪು ನೀಡುತ್ತದೆ.

3. ಬೆಳಗ್ಗೆ ಚಾಲೂ ಮಾಡಿದೊಡನೆ ಎಂಜಿನ್ನನ್ನು ರೊಂಯ್ ಎನ್ನಿಸಬಾರದು. ಅರ್ಧ ಅಥವಾ ಒಂದು ನಿಮಿಷ ಬಿಟ್ಟು, ಮೊದಲ ಒಂದೆರಡು ಕಿ.ಮೀ. ಮೃದುವಾಗಿ ಓಡಿಸಬೇಕು.

4. ಮೊದಲ ಸರ್ವಿಸ್ ಮುಗಿಯುವವರೆಗೆ ಸರಕಿನ ಭಾರ ಹೇರದಿರುವುದು, ದೂರದ ಹೆದ್ದಾರಿ ಪ್ರಯಾಣ ತಪ್ಪಿಸುವುದು ಒಳಿತು.

5. ಹೊಸ ಟಯರಿನ ಹೊರಮೈ ನುಣುಪಾಗಿದ್ದು ಜಾರುವ ಸಂಭವವಿರುತ್ತದೆ, ಬ್ರೇಕುಗಳೂ ಹೊಂದಿಕೊಂಡಿರುವುದಿಲ್ಲ. ತಿರುವುಗಳಲ್ಲಿ ಎಚ್ಚರ ಅಗತ್ಯ.

ಆಯಿಲಿನಲ್ಲಿ ಉಳಿತಾಯ ಬೇಡ

ಪಳಗುವ ಅವಧಿಯಲ್ಲಿ ಸವೆದ ಲೋಹದ ನುಣ್ಣನೆಯ ಕಣಗಳು ಆಯಿಲಿನಲ್ಲೇ ಸೇರುತ್ತವೆ. ಬಹುಪಾಲು ಮೋಟಾರ್ ಸೈಕಲ್‌ಗಳಲ್ಲಿ ಗೇರುಗಳಿಗೂ ಕ್ಲಚ್ಚಿಗೂ ಅದೇ ಆಯಿಲ್ ಆಧಾರ. ಆದುದರಿಂದ ಸಾಮಾನ್ಯವಾಗಿ 500ರಿಂದ 1,000 ಕಿ.ಮೀ.ಗಳೊಳಗೆ ಬರುವ ಮೊದಲ ಸರ್ವಿಸನ್ನು ಮುಂದೂಡಲೇಬಾರದು. ಹಾಗೆ ಮಾಡಿದರೆ ವಾರಂಟಿಗೂ ಧಕ್ಕೆ ಬರಬಹುದು. ಅಂಗಡಿಯಲ್ಲಿ ಉಳಿದಿದೆಯೆಂದು ಕಾರಿನ ಆಯಿಲನ್ನು ಸುರಿಯುವವರಿದ್ದಾರೆ. ಕಾರಿನ ಕೆಲವು ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿದ್ದು, ಆಯಿಲಿನಲ್ಲಿ ಮುಳುಗಿರುವ ಕ್ಲಚ್ ಜಾರತೊಡಗುತ್ತದೆ. ಕೈಪಿಡಿ ಹೇಳಿದ ದರ್ಜೆಯ, ‘ಜಾಸೋ ಎಂಎ’ ಗುರುತುಳ್ಳ ಆಯಿಲನ್ನೇ ಬಳಸತಕ್ಕದ್ದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ವಾಹನಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. ರಿಂಗು ಸರಿಯಾಗಿ ಕೂರದೆ ಆಯಿಲ್ ಉರಿದರೆ, ಅದರಲ್ಲಿನ ರಂಜಕವು ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಷ್ಕ್ರಿಯಗೊಳಿಸುತ್ತದೆ. ಹಳೆಯ ವಾಹನಗಳಲ್ಲಿ ಹೊಗೆಯಷ್ಟೇ ಆಗಿದ್ದ ದೋಷ ಇಂದು ದುಬಾರಿ ಬಿಡಿಭಾಗದ ಖರ್ಚಾಗಿ ಪರಿಣಮಿಸುತ್ತದೆ.

ಲಾಭ-ನಷ್ಟದ ಲೆಕ್ಕ

ದಿನಕ್ಕೆ 60 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡುವ ವಾಹನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಟ್ಟು 18,000 ಕಿ.ಮೀ. ಲೀಟರಿಗೆ 60 ಕಿ.ಮೀ. ಕೊಟ್ಟರೆ 300 ಲೀಟರ್ ಪೆಟ್ರೋಲ್ ಬೇಕು. 55ಕ್ಕೆ ಇಳಿದರೆ ಸುಮಾರು 327 ಲೀಟರ್. ಲೀಟರಿಗೆ 100 ರೂ. ಹಿಡಿದರೂ ಒಂದು ವಾಹನಕ್ಕೆ ವರ್ಷಕ್ಕೆ 2,700 ರೂ., ಐದು ವಾಹನಗಳಿಗೆ 13,500 ರೂ. ಹೆಚ್ಚಿನ ವೆಚ್ಚ. ಬೋರ್ ಕೆಲಸದ ಖರ್ಚು, ವಾಹನ ಗ್ಯಾರೇಜಿನಲ್ಲಿ ನಿಂತ ದಿನಗಳಲ್ಲಿ ಕೈತಪ್ಪುವ ವ್ಯಾಪಾರ ಇದರಲ್ಲಿ ಸೇರಿಲ್ಲ.

ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ದೊಡ್ಡದಾದ ಪಿಸ್ಟನ್ ಹಾಕಿಸಿದ ಹಳೆಯ ಎಂಜಿನ್ನಿಗೂ ಇದೇ ಪಳಗಿಸುವಿಕೆ ಮತ್ತೆ ಮೊದಲಿನಿಂದ ಬೇಕು. ಸಣ್ಣ ಉದ್ಯಮಿಗಳು ತಮ್ಮ ಡೀಸೆಲ್ ಜನರೇಟರನ್ನೂ ಇಲ್ಲಿ ನೆನೆಯಬೇಕು. ದೊಡ್ಡ ಯಂತ್ರ ತಂದು, ನಾಲ್ಕು ದೀಪಗಳಿಗಾಗಿ ಗಂಟೆಗಟ್ಟಲೆ ಓಡಿಸಿದರೆ ಅದರ ಸಿಲಿಂಡರಿಗೂ ಇದೇ ಗಾಜಿನ ಪದರದ ಕಾಟ ತಪ್ಪಿದ್ದಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಯಂತ್ರಗಳಿಗೂ ಸಲ್ಲುತ್ತದೆ. ನಮ್ಮ ಅಂಗಡಿಯಲ್ಲಿ ಈಗ ಹೊಸ ವಾಹನ ಬಂದರೆ, ಮೇಲೆ ಹೇಳಿದ ಐದು ಅಂಶಗಳನ್ನು ಬರೆದ ಚೀಟಿಯೊಂದನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸಿ, ಓಡಿಸುವವರಿಗೆ ಓದಿ ಹೇಳಿದ ನಂತರವೇ ಕೀಲಿಕೈ ಕೊಡುತ್ತೇವೆ. ಮೊದಲ ಸರ್ವಿಸಿನ ದಿನ ಆ ಚೀಟಿಯನ್ನು ಕಿತ್ತು ಸರ್ವಿಸ್ ಪುಸ್ತಕದಲ್ಲಿ ಇರಿಸುತ್ತೇವೆ. ಇದಕ್ಕೆ ತಗಲುವ ವೆಚ್ಚ ಒಂದು ಹಾಳೆ ಕಾಗದ, ಐದು ನಿಮಿಷದ ಸಮಯ. ಸದಸ್ಯ ಬಾಂಧವರೂ ಇದನ್ನು ಅನುಸರಿಸಿ ಪ್ರಯೋಜನ ಪಡೆಯಬಹುದು.